ಮೂವತ್ತು ಗ್ರಾಂ ತೂಕದ ರೋಗಿ

ಸಾಕುಪ್ರಾಣಿಗಳ ಕ್ಲಿನಿಕ್ಕಿನಲ್ಲಿ ನಾಯಿ, ಬೆಕ್ಕುಗಳ ಜೊತೆ ಚಿಕ್ಕದೊಂದು ಪಂಜರವೂ ಸರದಿ ಕಾಯುವುದು ಈಗ ಬೆಂಗಳೂರು, ಮೈಸೂರಿನಂಥ ಊರುಗಳಲ್ಲಿ ಅಪರೂಪವಲ್ಲ. ಒಳಗಿರುವುದು ಡ್ವಾರ್ಫ್ ಹ್ಯಾಮ್‌ಸ್ಟರ್. ಮುಷ್ಟಿಯಲ್ಲಿ ಅಡಗುವಷ್ಟು ಮೈ, ಗುಂಡು ಕಣ್ಣು, ಇದ್ದೂ ಇಲ್ಲದಂಥ ಬಾಲ. ತೂಕ ಹೆಚ್ಚೆಂದರೆ ನಲವತ್ತೈವತ್ತು ಗ್ರಾಂ. ತಂದವರ ದೂರು ಎಷ್ಟೋ ಸಲ ಇದೇ ಆಗಿರುತ್ತದೆ: “ಕೂದಲು ಉದುರ್ತಾ ಇದೆ ಡಾಕ್ಟ್ರೇ, ಏನಾದ್ರೂ ಹಚ್ಚೋಕೆ ಕೊಡಿ.”

ಒಳ್ಳೆಯ ವೈದ್ಯರು ಆ ಕೂಡಲೇ ಹಚ್ಚಲು ಏನನ್ನೂ ಕೊಡುವುದಿಲ್ಲ. ಅವರ ಕಸುಬಿನ ಹೆಚ್ಚುಗಾರಿಕೆ ಇರುವುದೇ ಅಲ್ಲಿ. ತುಪ್ಪಳ ಉದುರುವುದು ಒಂದು ರೋಗವಲ್ಲ, ಹತ್ತಾರು ಕಾರಣಗಳು ಬಂದು ಸೇರುವ ಒಂದೇ ಲಕ್ಷಣ. ಪಂಜರದ ಸರಳಿನಿಂದ ಹಿಡಿದು ಮೂತ್ರಪಿಂಡದ ಮೇಲಿರುವ ಕಾಳಿನಷ್ಟು ಗ್ರಂಥಿಯವರೆಗೆ ಯಾವುದು ಬೇಕಾದರೂ ಕಾರಣ ಇರಬಹುದು. ದೊಡ್ಡ ನಾಯಿಗಾದರೆ ಒಂದು ಔಷಧ ಕೊಟ್ಟು ನೋಡಿ, ತಾಗದಿದ್ದರೆ ಇನ್ನೊಂದಕ್ಕೆ ಹೋಗಬಹುದು. ಮೂವತ್ತು ಗ್ರಾಂ ಮೈಗೆ ಹಾಗೆ ಕೊಟ್ಟು ನೋಡುವ ಅವಕಾಶ ಕಡಿಮೆ. ಆದ್ದರಿಂದ ಇಲ್ಲಿ ಮೊದಲು ಓದು, ಆಮೇಲೆ ಮದ್ದು. ಆ ಓದು ಹೇಗೆ ಸಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡುವುದು ಈ ಲೇಖನದ ಉದ್ದೇಶ.

ಯಾವ ಜಾತಿ, ಯಾವ ಸಹಜ ಬೋಳು

ಅಂಗಡಿಯಲ್ಲಿ ಡ್ವಾರ್ಫ್ ಎಂಬ ಒಂದೇ ಹೆಸರಿನಲ್ಲಿ ಸಿಗುವವು ಒಂದೇ ಜಾತಿಯವಲ್ಲ. ಸೈಬೀರಿಯ ಮತ್ತು ಕಜಕಸ್ತಾನದ ಹುಲ್ಲುಗಾವಲಿನ ‘ವಿಂಟರ್ ವೈಟ್’, ಮಂಗೋಲಿಯ ಕಡೆಯ ‘ಕ್ಯಾಂಪ್‌ಬೆಲ್’, ಗೋಬಿ ಸುತ್ತಿನ ಮರಳು ನೆಲದ ಪುಟಾಣಿ ‘ರೊಬೊರೊವ್ಸ್ಕಿ’, ಈ ಮೂರೂ ಫೋಡೋಪಸ್ ಕುಲಕ್ಕೆ ಸೇರಿದವು. ಮೊದಲನೆಯದನ್ನು ಪ್ರಾಣಿಶಾಸ್ತ್ರಜ್ಞ ಪಲ್ಲಾಸ್ 1773ರಲ್ಲಿ ವರ್ಣಿಸಿದ. ಎರಡನೆಯದನ್ನು 1905ರಲ್ಲಿ ಓಲ್ಡ್‌ಫೀಲ್ಡ್ ಥಾಮಸ್, ಮೂರನೆಯದನ್ನು 1903ರಲ್ಲಿ ಸಟೂನಿನ್ ವರ್ಣಿಸಿದರು. ಚಳಿಯ ಬಯಲಿನಲ್ಲಿ ಬದುಕಲು ಪಾದದ ಅಡಿಯಲ್ಲೂ ಕೂದಲು ಬೆಳೆಸಿಕೊಂಡ ಪ್ರಾಣಿಗಳಿವು. ಇಷ್ಟು ಸಣ್ಣ ಮೈ ಬಲುಬೇಗ ಬಿಸಿ ಕಳೆದುಕೊಳ್ಳುತ್ತದೆ. ಹಾಗಾಗಿ ತುಪ್ಪಳ ಇವಕ್ಕೆ ಚಂದಕ್ಕಿಂತ ಹೆಚ್ಚಾಗಿ ಕಂಬಳಿ. ಅದು ಹೋಯಿತೆಂದರೆ ಮೈ ಬಿಸಿ ಕಾಯ್ದುಕೊಳ್ಳಲು ಹೆಚ್ಚು ತಿನ್ನಬೇಕು, ಹೆಚ್ಚು ಶಕ್ತಿ ವ್ಯಯಿಸಬೇಕು.

ಓದು ಶುರುವಾಗುವುದು ಯಾವುದು ಸಹಜ ಎಂಬುದರಿಂದ. ಡ್ವಾರ್ಫ್ ಹ್ಯಾಮ್‌ಸ್ಟರಿನ ಹೊಟ್ಟೆಯ ನಟ್ಟನಡುವೆ, ಹೊಕ್ಕುಳಿನ ಜಾಗದಲ್ಲಿ, ಕೂದಲು ತೆಳುವಾದ, ತುಸು ಹಳದಿಗೆ ತಿರುಗಿದ, ಅಂಟಂಟಾದ ಒಂದು ಚುಕ್ಕೆ ಇರುತ್ತದೆ. ಅದು ವಾಸನೆಯ ಗ್ರಂಥಿ. ಗಂಡಿನಲ್ಲಿ ಎದ್ದು ಕಾಣುತ್ತದೆ. ನೆಲಕ್ಕೆ ಉಜ್ಜಿ ತನ್ನ ಗುರುತು ಬಿಡಲು ಅದು ಬೇಕು. ಇದನ್ನೇ ಗಾಯವೆಂದು ತಿಳಿದು ಮುಲಾಮು ಹಚ್ಚಿದವರು ಎಷ್ಟೋ ಮಂದಿ. ಇವಕ್ಕಿಂತ ದೊಡ್ಡದಾದ ಸಿರಿಯನ್ ಹ್ಯಾಮ್‌ಸ್ಟರಿಗೆ ಅಂಥ ಗ್ರಂಥಿ ಎರಡೂ ಪಕ್ಕೆಗಳಲ್ಲಿ ಕಪ್ಪು ಮಚ್ಚೆಯಂತೆ ಇರುತ್ತದೆ. ಯಾವ ಜಾತಿ ಎಂದು ತಿಳಿಯದಿದ್ದರೆ ಇಲ್ಲೇ ದಾರಿ ತಪ್ಪುತ್ತದೆ.

ಇನ್ನೊಂದು ಸಹಜ ಸಂಗತಿ ಕೂದಲು ಬದಲಾಯಿಸುವುದು. ವಿಂಟರ್ ವೈಟ್ ತನ್ನ ನಾಡಿನಲ್ಲಿ ಹಗಲು ಕುಗ್ಗಿದಂತೆ ಬೂದು ತುಪ್ಪಳ ಬಿಟ್ಟು ಬಿಳಿ ತುಪ್ಪಳ ಹೊದೆಯುತ್ತದೆ. ಇದನ್ನು ನಡೆಸುವುದು ಚಳಿಗಿಂತ ಹೆಚ್ಚಾಗಿ ಹಗಲಿನ ಉದ್ದ. ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ಮೇಲಾಗಿ ಮನೆಯ ದೀಪ ರಾತ್ರಿ ಹನ್ನೊಂದರ ತನಕ ಉರಿಯುತ್ತಿರುತ್ತದೆ. ಸಾಕಣೆಯಲ್ಲಿ ವಿಂಟರ್ ವೈಟ್ ಮತ್ತು ಕ್ಯಾಂಪ್‌ಬೆಲ್ ಬೆರಕೆಯಾದ ತಳಿಗಳೂ ಧಾರಾಳ. ಹಾಗಾಗಿ ನಮ್ಮಲ್ಲಿ ಈ ಬದಲಾವಣೆ ಸ್ಪಷ್ಟವಾಗಿ ಕಾಣುವುದು ಕಡಿಮೆ. ಕಂಡರೂ ಹೊಸ ಕೂದಲು ಅಡಿಯಲ್ಲಿ ಬಂದಿರುತ್ತದೆ, ಚರ್ಮ ಬರಿದಾಗುವುದಿಲ್ಲ. ಚರ್ಮ ಕಾಣಿಸಿತೆಂದರೆ ಋತುವಿನ ತಲೆಗೆ ಕಟ್ಟಿ ಸುಮ್ಮನಾಗುವಂತಿಲ್ಲ.

ಪಂಜರ ತೊಳೆಯದೆ ತನ್ನಿ

ಈ ಕೆಲಸದಲ್ಲಿ ಪಳಗಿದ ವೈದ್ಯರು ಫೋನಿನಲ್ಲೇ ಹೇಳುವ ಮಾತೊಂದಿದೆ: ಪಂಜರ ತೊಳೆಯಬೇಡಿ, ಇದ್ದ ಹಾಗೇ ತನ್ನಿ, ಆಗದಿದ್ದರೆ ಫೋಟೊ ತೆಗೆದುಕೊಂಡು ಬನ್ನಿ. ಅತಿಥಿಯ ಮುಂದೆ ಮನೆ ಚೊಕ್ಕಟ ಮಾಡುವ ನಮ್ಮ ಅಭ್ಯಾಸಕ್ಕೆ ಇದು ವಿರುದ್ಧ. ಆದರೆ ರೋಗದ ಅರ್ಧ ಚರಿತ್ರೆ ಇರುವುದು ಆ ಪಂಜರದಲ್ಲೇ. ಹಾಸು ಎಲ್ಲಿ ಒದ್ದೆಯಾಗಿದೆ, ತಟ್ಟೆಯಲ್ಲಿ ಯಾವ ಕಾಳು ಉಳಿದಿದೆ, ಸರಳಿನ ಬಣ್ಣ ಎಲ್ಲಿ ಸವೆದಿದೆ, ಎಲ್ಲವೂ ಅಲ್ಲಿ ಕಾಣಸಿಗುತ್ತದೆ.

ಮೂಗಿನ ಮೇಲ್ಭಾಗ ಮಾತ್ರ ಬೋಳಾಗಿ, ಚರ್ಮ ಚೆನ್ನಾಗಿಯೇ ಇದ್ದರೆ ವೈದ್ಯರ ಕಣ್ಣು ನೇರ ಸರಳಿನ ಕಡೆ ಹೋಗುತ್ತದೆ. ಇಕ್ಕಟ್ಟಿನಲ್ಲಿ ಬೇಸತ್ತ ಹ್ಯಾಮ್‌ಸ್ಟರ್ ರಾತ್ರಿಯಿಡೀ ಸರಳು ಕಡಿಯುತ್ತದೆ. ಮೂಗು ಉಜ್ಜಿ ಉಜ್ಜಿ ಕೂದಲು ಸವೆಯುತ್ತದೆ. ಅದಕ್ಕೆ ಮದ್ದು ಎಂದರೆ ದೊಡ್ಡ ಜಾಗ, ಬಿಲ ತೋಡಲು ಆಳವಾದ ಹಾಸು, ಬೆನ್ನು ಬಾಗದಷ್ಟು ದೊಡ್ಡ ಚಕ್ರ. ಬೆನ್ನಿನ ಮೇಲೆ, ಭುಜದ ಮೇಲೆ ಅಲ್ಲಲ್ಲಿ ಕತ್ತರಿಸಿದಂತಿದ್ದು, ಮೀಸೆಯೂ ಗಿಡ್ಡವಾಗಿದ್ದರೆ ಅನುಮಾನ ಜೊತೆಗಾರನ ಮೇಲೆ. ಚಿಕ್ಕಂದಿನಿಂದ ಒಟ್ಟಿಗಿದ್ದ ಜೋಡಿಯೂ ಬೆಳೆದ ಮೇಲೆ ಕಚ್ಚಾಡುವುದುಂಟು. ಹೊಟ್ಟೆಯ ಅಡಿ, ತೊಡೆಯ ಒಳಭಾಗ ಕೆಂಪಾಗಿ ಬೋಳಾಗಿದ್ದರೆ ಹಾಸನ್ನು ಮೂಸಿ ನೋಡುತ್ತಾರೆ. ಬಡಗಿಯ ಅಂಗಡಿಯಿಂದ ತಂದ ಗರಗಸದ ಪುಡಿ ಸಣ್ಣ ಧೂಳಾಗಿ ಮೂಗಿಗೂ ಚರ್ಮಕ್ಕೂ ಹೋಗುತ್ತದೆ. ಪೈನ್, ಸೀಡರ್‌ನಂಥ ಘಮದ ಮರದ ಎಣ್ಣೆ ಚರ್ಮವನ್ನು ಕೆಣಕುತ್ತದೆ. ವಾಸನೆಯಿಲ್ಲದ ಕಾಗದದ ಚೂರು ಎಷ್ಟೋ ಮೇಲು.

ತಟ್ಟೆಯೂ ಮಾತಾಡುತ್ತದೆ. ಬೆರಕೆ ಕಾಳು ಹಾಕಿದರೆ ಹ್ಯಾಮ್‌ಸ್ಟರ್ ಸೂರ್ಯಕಾಂತಿ ಬೀಜವನ್ನು ಮೊದಲು ಆರಿಸಿ ಕೆನ್ನೆಚೀಲಕ್ಕೆ ತುಂಬಿಕೊಳ್ಳುತ್ತದೆ, ಉಳಿದದ್ದನ್ನು ಬಿಡುತ್ತದೆ. ಮನೆಯವರು ತಟ್ಟೆ ಖಾಲಿಯಾಗದಿದ್ದರೂ ಇನ್ನಷ್ಟು ಸುರಿಯುತ್ತಾರೆ. ಹೀಗೆ ಕೊಬ್ಬು ಹೆಚ್ಚಿ ಪ್ರೋಟೀನ್ ಕಡಿಮೆಯಾಗುತ್ತದೆ. ಆಹಾರದಲ್ಲಿ ಪ್ರೋಟೀನ್ ಶೇ. 16ಕ್ಕಿಂತ ಇಳಿದರೆ ಹ್ಯಾಮ್‌ಸ್ಟರಿನ ಕೂದಲು ಉದುರಬಹುದೆಂದು ಪಶುವೈದ್ಯಶಾಸ್ತ್ರ ಗುರುತಿಸಿದೆ. ಕೂದಲು ಎಂಬುದೇ ಬಹುಪಾಲು ಪ್ರೋಟೀನ್ ಅಲ್ಲವೇ? ಒಳ್ಳೆಯ ಗುಳಿಗೆ ಆಹಾರ, ಜೊತೆಗೆ ನವಣೆ, ಆಗೀಗ ಬೆಂದ ಮೊಟ್ಟೆಯ ಬಿಳಿಯ ಒಂದು ಚೂರು, ಇಷ್ಟರಿಂದಲೇ ಸರಿಹೋಗುವ ಪ್ರಕರಣಗಳಿವೆ. ಹಣ್ಣು, ಬೆಲ್ಲ ಮಾತ್ರ ಬೇಡ. ಡ್ವಾರ್ಫ್‌ಗಳಲ್ಲಿ, ಅದರಲ್ಲೂ ಕ್ಯಾಂಪ್‌ಬೆಲ್‌ನಲ್ಲಿ, ಸಕ್ಕರೆ ಕಾಯಿಲೆಯ ಒಲವು ಇದೆ.

ಪ್ರಶ್ನೆ ಕೇಳುವುದರಲ್ಲೂ ಒಂದು ಜಾಣತನವಿದೆ. ಅಪ್ಪ ಅಮ್ಮನಿಗಿಂತ ಮನೆಯ ಮಗುವಿಗೇ ಹೆಚ್ಚು ಗೊತ್ತಿರುತ್ತದೆ ಎಂದು ವೈದ್ಯರಿಗೆ ಗೊತ್ತು. “ಎಷ್ಟು ದಿನಕ್ಕೆ ನೀರಿನ ಬಾಟ್ಲಿ ಖಾಲಿ ಆಗತ್ತೆ ಪುಟ್ಟಾ? ಮುಂಚೆ ಎಷ್ಟು ದಿನ ಬರ್ತಿತ್ತು?” ಈ ಸಾದಾ ಪ್ರಶ್ನೆಯ ಹಿಂದೆ ಹಾರ್ಮೋನು, ಮೂತ್ರಪಿಂಡ, ಸಕ್ಕರೆ ಕಾಯಿಲೆ ಮೂರೂ ಇವೆ. ಮೂರರಲ್ಲೂ ಬಾಯಾರಿಕೆ ಹೆಚ್ಚುತ್ತದೆ.

ಕೈಗೆ ತೆಗೆದುಕೊಳ್ಳುವ ಮುನ್ನ

ಹ್ಯಾಮ್‌ಸ್ಟರ್ ನಿಶಾಚರಿ. ಮಧ್ಯಾಹ್ನ ಎಬ್ಬಿಸಿ ಹಿಡಿದರೆ ಕಚ್ಚುತ್ತದೆ, ಹೆದರಿ ನಿತ್ರಾಣವಾಗುತ್ತದೆ. ಸಾಧ್ಯವಿದ್ದರೆ ಸಂಜೆಯ ಹೊತ್ತಿಗೆ ಬರಹೇಳುವುದು ಅದಕ್ಕೇ. ಮೊದಲು ಅದನ್ನು ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಗೆ ಬಿಟ್ಟು, ಮುಟ್ಟದೆಯೇ ಸುತ್ತ ತಿರುಗಿಸಿ ನೋಡುತ್ತಾರೆ. ಡಬ್ಬಿಯನ್ನು ಮೇಲೆತ್ತಿದರೆ ಹೊಟ್ಟೆ, ಪಾದ, ಗ್ರಂಥಿ ಎಲ್ಲ ಅಡಿಯಿಂದ ಕಾಣುತ್ತವೆ. ಆಮೇಲೆ ಅದೇ ಡಬ್ಬಿಯನ್ನು ಗ್ರಾಂ ತೋರಿಸುವ ತಕ್ಕಡಿಯ ಮೇಲೆ ಇಡುತ್ತಾರೆ. ಮೂವತ್ತು ಗ್ರಾಂನ ಪ್ರಾಣಿ ಮೂರು ಗ್ರಾಂ ಇಳಿದರೆ ಮೈಯ ಹತ್ತನೇ ಒಂದು ಭಾಗ ಹೋಯಿತೆಂದೇ ಲೆಕ್ಕ.

ಹಿಡಿಯುವುದಕ್ಕೆ ಬೇರೆಯದೇ ಹದ ಬೇಕು. ಹ್ಯಾಮ್‌ಸ್ಟರಿನ ಕತ್ತು, ಭುಜದ ಚರ್ಮ ಬಹಳ ಸಡಿಲ, ಒಳಗೆ ಕೆನ್ನೆಚೀಲ ಭುಜದವರೆಗೆ ಚಾಚಿರುತ್ತದೆ. ಸ್ವಲ್ಪವೇ ಚರ್ಮ ಹಿಡಿದರೆ ಅದು ತನ್ನ ಚರ್ಮದೊಳಗೇ ತಿರುಗಿ ಬೆರಳು ಕಚ್ಚುತ್ತದೆ. ತೀರ ಬಿಗಿಯಾಗಿ ಹಿಡಿದರೆ ಕಣ್ಣುಗುಡ್ಡೆ ಹೊರಕ್ಕೆ ತಳ್ಳಿಕೊಂಡು ಬರುವ ಅಪಾಯವಿದೆ. ಪಳಗಿದ ಕೈ ಅಂಗೈಯಿಂದ ಬೆನ್ನನ್ನು ಆವರಿಸಿ, ಸಾಕಷ್ಟು ಚರ್ಮವನ್ನು ಒಟ್ಟುಗೂಡಿಸಿ, ಕಣ್ಣಿನ ಮೇಲೆ ಗಮನವಿಟ್ಟೇ ಹಿಡಿಯುತ್ತದೆ. ಹೆಬ್ಬಾಳ, ಬೀದರ್‌ಗಳ ಪಶುವೈದ್ಯ ಕಾಲೇಜುಗಳಲ್ಲಿ ಓದಿ ಬಂದವರ ಪಾಠದ ಬಹುಪಾಲು ದನ, ಎಮ್ಮೆ, ಕುರಿ, ಮೇಕೆ, ನಾಯಿಗಳದ್ದು. ಎಮ್ಮೆಯ ಗರ್ಭ ಪರೀಕ್ಷಿಸಲು ಕಲಿತ ಅದೇ ಕೈ ಇಷ್ಟು ಹಗುರವಾಗಲು ಎಷ್ಟು ರೂಢಿ ಬೇಕಾಗಿರಬಹುದು!

ಒಂದು ಕೂದಲಿನ ಎರಡು ತುದಿ

ನನಗೆ ಈ ಕಸುಬಿನಲ್ಲಿ ಅತಿ ಹೆಚ್ಚು ಮೆಚ್ಚಿಕೆಯಾಗುವ ಪರೀಕ್ಷೆಗೆ ದುಬಾರಿ ಯಂತ್ರವೇ ಬೇಡ. ಬೋಳು ಜಾಗದ ಅಂಚಿನಿಂದ ಕೆಲವೇ ಕೂದಲನ್ನು ಚಿಕ್ಕ ಇಕ್ಕುಳದಲ್ಲಿ, ಬೆಳೆದ ದಿಕ್ಕಿಗೇ ಎಳೆದು ಕೀಳುತ್ತಾರೆ. ಗಾಜಿನ ಸ್ಲೈಡಿನ ಮೇಲೆ ಒಂದು ಹನಿ ಮಿನರಲ್ ಆಯಿಲ್, ಅದರಲ್ಲಿ ಕೂದಲು, ಮೇಲೊಂದು ತೆಳು ಗಾಜು. ಸೂಕ್ಷ್ಮದರ್ಶಕದಡಿ ಮೊದಲು ನೋಡುವುದು ಕೂದಲಿನ ತುದಿಯನ್ನು. ತುದಿ ಮುರಿದು, ಸೀಳಿ, ಕುಂಚದಂತೆ ಬಿರಿದಿದ್ದರೆ ಅದನ್ನು ಯಾರೋ ಕಡಿದಿದ್ದಾರೆ, ಕೆರೆದಿದ್ದಾರೆ ಅಥವಾ ಏನಕ್ಕೋ ಉಜ್ಜಿದೆ. ತುದಿ ಸೂಜಿಯಂತೆ ಚೂಪಾಗಿಯೇ ಉಳಿದಿದ್ದರೆ ಯಾರೂ ಮುಟ್ಟಿಲ್ಲ, ಕೂದಲು ಬುಡದಿಂದ ತಾನಾಗಿ ಬಿಟ್ಟುಕೊಂಡಿದೆ. ನಂತರ ಬುಡ. ಬೆಳೆಯುತ್ತಿರುವ ಕೂದಲಿನ ಬುಡ ಮೆತ್ತಗೆ, ಗುಂಡಗೆ, ಬಣ್ಣ ತುಂಬಿ ಬಾಗಿರುತ್ತದೆ. ಬೆಳವಣಿಗೆ ನಿಂತದ್ದು ಒರಟಾಗಿ, ಈಟಿಯಂತೆ ನೆಟ್ಟಗಿರುತ್ತದೆ. ಎಲ್ಲ ಬುಡವೂ ನಿಂತ ಸ್ಥಿತಿಯಲ್ಲೇ ಇದ್ದರೆ ಹಾರ್ಮೋನಿನ ಏರುಪೇರು ಇರಬಹುದೆಂಬ ಅನುಮಾನ ಬಲವಾಗುತ್ತದೆ.

ಹಳೇ ಪೇಟೆಯಲ್ಲಿ ಬಟ್ಟೆಗೆ ರಫು ಮಾಡುವವರನ್ನು ನೋಡಿದವರಿಗೆ ಈ ನೋಟ ಹೊಸದಲ್ಲ. ತೂತನ್ನು ಬೆಳಕಿಗೆ ಹಿಡಿದ ಕೂಡಲೇ ಅವರು ಇದು ಬೀಡಿ ಕಿಡಿಯದೋ, ಹುಳು ತಿಂದದ್ದೋ, ಬಟ್ಟೆಯೇ ಜೀರ್ಣವಾದದ್ದೋ ಎಂದು ದಾರದ ತುದಿ ನೋಡಿ ಹೇಳುತ್ತಾರೆ.

ಹೀಗೆ ಒಂದೇ ಸ್ಲೈಡು ಇಡೀ ಪಟ್ಟಿಯನ್ನು ಎರಡು ಪಾಲು ಮಾಡಿಬಿಡುತ್ತದೆ. ಒಂದು ಕಡೆ ತುರಿಕೆ, ಕಡಿತ, ಉಜ್ಜಾಟ. ಇನ್ನೊಂದು ಕಡೆ ತಾನಾಗಿ ಉದುರಿದ್ದು.

ನುಸಿಯ ಬೇಟೆ

ಮುಂದಿನದು ಚರ್ಮ ಕೆರೆದು ನೋಡುವುದು. ಶಸ್ತ್ರಚಿಕಿತ್ಸೆಯ ಅಲಗಿನ ಹರಿತ ಕಳೆದು, ಎಣ್ಣೆ ಸವರಿ, ಚರ್ಮವನ್ನು ಬೆರಳ ನಡುವೆ ಮೆಲ್ಲಗೆ ಹಿಂಡಿ, ನವಿರಾಗಿ ಕೆರೆಯುತ್ತಾರೆ. ಕೂದಲ ಬುಡದ ಗುಳಿಯಲ್ಲಿ ಅಡಗಿದ ನುಸಿ ಹೊರಬರಬೇಕಾದರೆ ನೆತ್ತರು ಜಿನುಗುವ ಅಂಚಿನವರೆಗೆ ಹೋಗಬೇಕು, ಅದನ್ನು ದಾಟಬಾರದು. ಕಾಗದದಷ್ಟು ತೆಳು ಚರ್ಮದಲ್ಲಿ ಆ ಗೆರೆ ಬಹಳ ಸಣ್ಣದು. ಚರ್ಮ ತೀರ ನಾಜೂಕಾಗಿದ್ದರೆ ಪಾರದರ್ಶಕ ಸೆಲ್ಲೋ ಟೇಪನ್ನು ಒತ್ತಿ ತೆಗೆದು ಅದನ್ನೇ ನೋಡುತ್ತಾರೆ. ಸೂಕ್ಷ್ಮದರ್ಶಕದ ಅಡಿಯ ಬೆಳಕಿನ ಮಸೂರವನ್ನು ಕೆಳಗಿಳಿಸಿ ನೋಡುವುದು ಹಳಬರ ಉಪಾಯ. ಬೆಳಕು ಹೆಚ್ಚಾದರೆ ಗಾಜಿನಂಥ ನುಸಿ ಕಣ್ಣಿಗೆ ಬೀಳದೆ ಹೋಗುತ್ತದೆ.

ನುಸಿ ಎಂದರೆ ತೆಂಗು ಬೆಳೆಗಾರರಿಗೆ ತೊಂಬತ್ತರ ದಶಕದ ಕೊನೆಯಲ್ಲಿ ತೋಟಕ್ಕೆ ಬಿದ್ದ ಪೀಡೆ ನೆನಪಾಗಬಹುದು. ಆ ನುಸಿಗೂ ಹ್ಯಾಮ್‌ಸ್ಟರಿನ ಡೆಮೋಡೆಕ್ಸ್ ನುಸಿಗೂ ದೂರದ ನಂಟಿದೆ, ಎರಡೂ ಹುಳುವಿನಂತೆ ಉದ್ದವಾಗಿವೆ. ಹ್ಯಾಮ್‌ಸ್ಟರಿನಲ್ಲಿ ಪ್ರಸಿದ್ಧವಾದವು ಎರಡು. ಚುಟ್ಟದಂತೆ ನೀಳವಾಗಿದ್ದು ಕೂದಲ ಗುಳಿಯಲ್ಲಿ ವಾಸಿಸುವ ಡೆಮೋಡೆಕ್ಸ್ ಔರಾಟಿ ಒಂದು. ಮೊಂಡಾಗಿದ್ದು ಚರ್ಮದ ಮೇಲ್ಪದರದ ಹಳ್ಳಗಳಲ್ಲಿ ಇರುವ ಡೆಮೋಡೆಕ್ಸ್ ಕ್ರಿಸೆಟಿ ಇನ್ನೊಂದು. ಬೆನ್ನಿನಿಂದ ಹಿಂಭಾಗದವರೆಗೆ ಕೂದಲು ತೆಳುವಾಗಿ, ಹೊಟ್ಟು ಉದುರಿ, ತುರಿಕೆ ಅಷ್ಟಾಗಿ ಇಲ್ಲದಿದ್ದರೆ ಇವುಗಳ ಗುಮಾನಿ. ಕಿವಿ, ಮೂಗು, ಪಾದಗಳಲ್ಲಿ ದಪ್ಪ ಹಕ್ಕಳೆ ಕಟ್ಟಿ, ಪ್ರಾಣಿ ಬಿಡದೆ ಕೆರೆಯುತ್ತಿದ್ದರೆ ಅದು ಬೇರೆ ಜಾತಿಯ ಕಜ್ಜಿ ನುಸಿ.

ಡೆಮೋಡೆಕ್ಸ್ ಸಿಕ್ಕ ಕೂಡಲೇ ಕಳ್ಳ ಸಿಕ್ಕಿದನೆಂದು ಕಡತ ಮುಚ್ಚದಿರುವುದೇ ನಿಜವಾದ ಪರಿಣತಿ. ಆರೋಗ್ಯವಂತ ಹ್ಯಾಮ್‌ಸ್ಟರಿನ ಚರ್ಮದಲ್ಲೂ ಈ ನುಸಿ ಸದ್ದಿಲ್ಲದೆ ಇರಬಲ್ಲದು. ಅದು ವಿಪರೀತ ಹೆಚ್ಚಿದೆ ಎಂದರೆ ಮೈಯ ಕಾವಲು ಸಡಿಲಾಗಿದೆ. ಮುಪ್ಪು, ಮೂತ್ರಪಿಂಡದ ಕಾಯಿಲೆ, ಗಡ್ಡೆ, ಅಡ್ರಿನಲ್ ಗ್ರಂಥಿಯ ತೊಂದರೆ, ಇವುಗಳಲ್ಲಿ ಯಾವುದು ಎಂದು ಇನ್ನೊಂದು ಮೆಟ್ಟಿಲು ಇಳಿದು ಹುಡುಕಬೇಕು.

ಹುಳುಕಡ್ಡಿಗೆ ಕಾಯುವ ತಾಳ್ಮೆ

ನುಸಿಯ ಜೊತೆಗೆ ಅನುಮಾನಿಸಬೇಕಾದ ಇನ್ನೊಂದು ಕಾರಣ ಹುಳುಕಡ್ಡಿ ಎಂಬ ಶಿಲೀಂಧ್ರದ ಸೋಂಕು. ಅದು ಮನುಷ್ಯರಿಗೂ ಅಂಟುತ್ತದೆ. ಮಗುವಿನ ಕೈ ಮೇಲೆ ದುಂಡನೆಯ ಕೆಂಪು ಮಚ್ಚೆ ಇದೆಯೇ ಎಂದು ವೈದ್ಯರು ಕೇಳುವುದು ಇದಕ್ಕೇ. ವುಡ್ಸ್ ಲ್ಯಾಂಪ್ ಎಂಬ ನೇರಳಾತೀತ ದೀಪದಡಿ ಕೆಲವು ಶಿಲೀಂಧ್ರ ಹಸಿರಾಗಿ ಹೊಳೆಯುತ್ತವೆ. ಆದರೆ ಹ್ಯಾಮ್‌ಸ್ಟರಿನಂಥ ಪ್ರಾಣಿಗಳಲ್ಲಿ ಹೆಚ್ಚು ಕಾಣುವ ಟ್ರೈಕೊಫೈಟಾನ್ ಹೊಳೆಯುವುದೇ ಇಲ್ಲ. ಹೊಳೆಯಲಿಲ್ಲ ಎಂದು ಹುಳುಕಡ್ಡಿ ಇಲ್ಲವೆನ್ನುವಂತಿಲ್ಲ. ಹೊಸ ಟೂತ್‌ಬ್ರಷ್ ಪೊಟ್ಟಣ ಬಿಡಿಸಿ ತುಪ್ಪಳವನ್ನು ಬಾಚಿ, ಆ ಎಳೆಗಳನ್ನು ಶಿಲೀಂಧ್ರ ಬೆಳೆಸುವ ಹಳದಿ ಮಾಧ್ಯಮದ ತಟ್ಟೆಗೆ ಒತ್ತುವುದು ಮುಂದಿನ ದಾರಿ. ಹುಳುಕಡ್ಡಿಯ ಶಿಲೀಂಧ್ರ ಬೆಳೆದರೆ ಮಾಧ್ಯಮ ಕೆಂಪಾಗುತ್ತದೆ. ಇಲ್ಲೂ ಒಂದು ಸೂಕ್ಷ್ಮವಿದೆ. ಗಾಳಿಯಲ್ಲಿ ಬಂದ ಬೂಷ್ಟೂ ಕೊನೆಗೆ ತಟ್ಟೆಯನ್ನು ಕೆಂಪಾಗಿಸುತ್ತದೆ, ಆದರೆ ಮೊದಲು ಚೆನ್ನಾಗಿ ಬೆಳೆದು ಆಮೇಲೆ. ಹುಳುಕಡ್ಡಿಯದಾದರೆ ಬಿಳಿ ಅರಳೆಯಂಥ ಬೆಳೆಯೂ ಕೆಂಪು ಬಣ್ಣವೂ ಒಟ್ಟಿಗೇ ಮೂಡುತ್ತವೆ. ಆದ್ದರಿಂದ ಎರಡು ವಾರ ಆ ತಟ್ಟೆಯನ್ನು ದಿನವೂ ನೋಡಬೇಕು. ಕೊನೆಯ ದಿನ ಒಮ್ಮೆ ನೋಡಿದರೆ ಸಾಲದು.

ಎರಡೂ ಪಕ್ಕೆ ಒಂದೇ ಸಮ

ಎಡ ಬಲ ಪಕ್ಕೆಗಳಲ್ಲಿ ಅಳತೆ ಮಾಡಿದಂತೆ ಒಂದೇ ಸಮ ಕೂದಲು ಹೋಗಿ, ತುರಿಕೆಯೂ ಇಲ್ಲದೆ, ಚರ್ಮ ತೆಳುವಾಗಿ ಕಪ್ಪಾಗುತ್ತಿದ್ದರೆ ಕಾರಣ ಒಳಗಿನದು. ಅಡ್ರಿನಲ್ ಗ್ರಂಥಿ ಅಥವಾ ಅದನ್ನು ಆಳುವ ಪಿಟ್ಯುಟರಿಯ ಗಡ್ಡೆಯಿಂದ ಬರುವ ಕುಶಿಂಗ್ ಕಾಯಿಲೆ, ಹೆಣ್ಣಿನಲ್ಲಿ ಅಂಡಾಶಯದ ಗುಳ್ಳೆ, ಅಪರೂಪಕ್ಕೆ ಥೈರಾಯಿಡ್. ಕುಶಿಂಗ್ ಬಗ್ಗೆ ತಿಳಿದಿರುವುದರಲ್ಲಿ ಹೆಚ್ಚಿನದು ಸಿರಿಯನ್ ಹ್ಯಾಮ್‌ಸ್ಟರಿನದ್ದು. 1930ರಲ್ಲಿ ಪ್ರಾಣಿಶಾಸ್ತ್ರಜ್ಞ ಇಸ್ರೇಲ್ ಅಹರೋನಿ ಅಲೆಪ್ಪೊ ಬಳಿಯ ಹೊಲದಿಂದ ಅಗೆದು ಜೆರುಸಲೇಮಿಗೆ ತಂದ ಒಂದು ಸಂಸಾರದಿಂದ ಹಬ್ಬಿ, ಪ್ರಯೋಗಾಲಯಗಳ ಪ್ರಾಣಿಯಾದ ಜಾತಿ ಅದು. ಅದರ ಜ್ಞಾನವನ್ನು ಡ್ವಾರ್ಫಿಗೆ ಅನ್ವಯಿಸುವಾಗ ವೈದ್ಯರು ಹುಷಾರಾಗಿ ಹೆಜ್ಜೆಯಿಡುತ್ತಾರೆ.

ರಕ್ತ ಪರೀಕ್ಷೆ ಮಾಡಿಸಿದರಾಯಿತಲ್ಲ ಎನ್ನಬಹುದು. ಮೂವತ್ತು ಗ್ರಾಂನ ಮೈಯಲ್ಲಿರುವ ಒಟ್ಟು ರಕ್ತವೇ ಸುಮಾರು ಎರಡು ಮಿಲಿಲೀಟರ್. ಕ್ಷೇಮವಾಗಿ ತೆಗೆಯಬಹುದಾದದ್ದು ಅದರ ಹತ್ತನೇ ಒಂದು ಪಾಲು, ಅಂದರೆ ನಾಲ್ಕೈದು ಹನಿ. ಆದ್ದರಿಂದ ನೀರಿನ ಬಾಟ್ಲಿಯ ಲೆಕ್ಕ, ಮೂತ್ರದ ಪಟ್ಟಿ ಪರೀಕ್ಷೆ, ಸಾಧ್ಯವಿರುವಲ್ಲಿ ಅಲ್ಟ್ರಾಸೌಂಡ್, ಇವೇ ಮೊದಲ ಆಧಾರ. ಮುದಿ ಪ್ರಾಣಿಯಲ್ಲಿ ತೇಪೆ ತೇಪೆಯಾಗಿ ಕೂದಲು ಉದುರಿ, ಚರ್ಮ ದಪ್ಪವಾಗಿ, ಹುಣ್ಣಾಗಿ ಯಾವುದಕ್ಕೂ ಬಗ್ಗದಿದ್ದರೆ ಚರ್ಮದ ಲಿಂಫೋಮಾ ಎಂಬ ಕ್ಯಾನ್ಸರ್ ಇರಬಹುದು. ಅದನ್ನು ಖಚಿತಪಡಿಸಲು ಚರ್ಮದ ಚೂರು ತೆಗೆದು ನೋಡಬೇಕು.

ಹನಿಯೊಂದರ ಐವತ್ತರಲ್ಲಿ ಒಂದು ಪಾಲು

ಇಷ್ಟೆಲ್ಲ ಆದ ಮೇಲೆ ಮದ್ದು. ನುಸಿಗೆ ಹೆಸರಾದ ಔಷಧ ಐವರ್ಮೆಕ್ಟಿನ್. ಜಪಾನಿನ ಮಣ್ಣಿನ ಸೂಕ್ಷ್ಮಜೀವಿಯಿಂದ ಬಂದ ಈ ಔಷಧದ ಶೋಧಕ್ಕೆ ಸತೋಶಿ ಒಮುರಾ ಮತ್ತು ವಿಲಿಯಂ ಕ್ಯಾಂಪ್‌ಬೆಲ್ 2015ರ ನೊಬೆಲ್ ಪಡೆದರು. ನಮ್ಮಲ್ಲಿ ದನ, ಕುರಿಗಳಿಗೆ ಕೊಡುವ ಚುಚ್ಚುಮದ್ದಿನ ಬಾಟ್ಲಿಯಲ್ಲಿ ಒಂದು ಮಿಲಿಲೀಟರಿಗೆ 10 ಮಿಲಿಗ್ರಾಂ ಇರುತ್ತದೆ. ಹ್ಯಾಮ್‌ಸ್ಟರಿಗೆ ಬಳಕೆಯಲ್ಲಿರುವ ಪ್ರಮಾಣ ಕೆ.ಜಿ. ತೂಕಕ್ಕೆ 0.2ರಿಂದ 0.4 ಮಿಲಿಗ್ರಾಂ. ಮೂವತ್ತು ಗ್ರಾಂಗೆ ಲೆಕ್ಕ ಹಾಕಿದರೆ ಆ ಬಾಟ್ಲಿಯ ದ್ರವದಲ್ಲಿ ಮಿಲಿಲೀಟರಿನ ಸಾವಿರದಲ್ಲಿ ಒಂದು ಪಾಲು! ಒಂದೇ ಒಂದು ಹನಿ ಬಿದ್ದರೆ ಐವತ್ತು ಪಟ್ಟು ಹೆಚ್ಚು. ವೈದ್ಯರು ಅದನ್ನು ಸರಿಯಾದ ದ್ರಾವಕದಲ್ಲಿ ತೆಳುಮಾಡಿ ಅಳೆದು ಕೊಡುತ್ತಾರೆ, ಅಥವಾ ಸೆಲಮೆಕ್ಟಿನ್‌ನಂಥದನ್ನು ಕತ್ತಿನ ಹಿಂದೆ ಅಳತೆಗೆ ತಕ್ಕಂತೆ ಹಚ್ಚುತ್ತಾರೆ. ನೆರೆಮನೆಯ ನಾಯಿಯ ಮದ್ದನ್ನು ಅಂದಾಜಿನ ಮೇಲೆ ಹಾಕಬಾರದೆನ್ನುವುದು ಈ ಲೆಕ್ಕದಿಂದಲೇ.

ಕೊಡದೆ ಬಿಡುವುದೂ ವಿದ್ಯೆಯೇ. ಗಾಯ ಕಂಡ ಕೂಡಲೇ ಅಮಾಕ್ಸಿಸಿಲಿನ್ ಕೊಡುವುದು ನಮಗೆ ರೂಢಿ. ಹ್ಯಾಮ್‌ಸ್ಟರಿನಲ್ಲಿ ಪೆನಿಸಿಲಿನ್ ಗುಂಪು, ಲಿಂಕೊಮೈಸಿನ್, ಎರಿಥ್ರೊಮೈಸಿನ್‌ಗಳು ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾವನ್ನು ಅಳಿಸಿ, ಕ್ಲಾಸ್ಟ್ರಿಡಿಯಂ ವಿಷ ಹೆಚ್ಚಿಸಿ, ಕೆಲವೇ ದಿನಗಳಲ್ಲಿ ಕೊಲ್ಲಬಲ್ಲವು. ಸ್ಟಿರಾಯಿಡ್ ಮುಲಾಮು ತುರಿಕೆ ಇಳಿಸಿದಂತೆ ಮಾಡಿ ನುಸಿ, ಶಿಲೀಂಧ್ರಗಳಿಗೆ ದಾರಿ ತೆರೆಯುತ್ತದೆ. ಮನೆಯಲ್ಲಿ ಹಚ್ಚುವ ಕೊಬ್ಬರಿ ಎಣ್ಣೆ, ಬೇವಿನೆಣ್ಣೆ, ಅರಿಶಿನವೂ ಹಾಗೆಯೇ ಬೇಡ. ಎಣ್ಣೆ ಮೆತ್ತಿದ ತುಪ್ಪಳ ಬಿಸಿ ಹಿಡಿಯುವುದಿಲ್ಲ, ಹಚ್ಚಿದ್ದೆಲ್ಲ ನೆಕ್ಕಿ ಹೊಟ್ಟೆಗೆ ಹೋಗುತ್ತದೆ. ನೀರಿನ ಸ್ನಾನ ಕೂಡದು. ಧೂಳಿಲ್ಲದ ಶುಭ್ರ ಮರಳಿನ ತಟ್ಟೆ ಇಟ್ಟರೆ ಅದೇ ಹೊರಳಾಡಿ ಮೈ ಚೊಕ್ಕಟ ಮಾಡಿಕೊಳ್ಳುತ್ತದೆ.

ಮನೆಯವರ ಪಾಲಿನ ಕೆಲಸ ಸರಳ, ಆದರೆ ತಪ್ಪಿಸುವಂತಿಲ್ಲ. ವಾರಕ್ಕೊಮ್ಮೆ ಒಂದೇ ಹೊತ್ತಿಗೆ ತೂಕ. ಒಂದೇ ಬೆಳಕಿನಲ್ಲಿ ಫೋಟೊ. ಬೋಳಾದ ಮೈಗೆ ಗಾಳಿ ಬಡಿಯದ ಮೂಲೆ, ಗೂಡು ಕಟ್ಟಲು ಹೆಚ್ಚು ಕಾಗದ. ಕಲಬುರಗಿ, ರಾಯಚೂರಿನ ಬೇಸಿಗೆಯಾದರೆ ಮನೆಯ ಅತಿ ತಂಪಾದ ಕೋಣೆ. ಕೂದಲು ಮರಳಿತೆಂದು ಔಷಧ ನಿಲ್ಲಿಸಕೂಡದು. ಕೆರೆದು ನೋಡಿದಾಗ ನುಸಿ ಕಾಣಲಿಲ್ಲ ಎಂಬುದು ಮತ್ತೊಮ್ಮೆ ಖಚಿತವಾದ ಮೇಲೆಯೇ ನಿಲ್ಲಿಸುವುದು.

ಎಲ್ಲ ಓದಿಗೂ ವಾಸಿಯೇ ಉತ್ತರವಾಗುವುದಿಲ್ಲ. ಒಂದೂವರೆ ವರ್ಷ ದಾಟಿದ ಹ್ಯಾಮ್‌ಸ್ಟರಿನಲ್ಲಿ ಮುಪ್ಪಿನಿಂದಲೇ ತುಪ್ಪಳ ತೆಳುವಾಗಿದ್ದರೆ, ಉಂಡು ತಿಂದು ಓಡಾಡಿಕೊಂಡಿದ್ದರೆ, ವೈದ್ಯರು ಹಾಸು ಮೆತ್ತಗಿರಲಿ ಎಂದಷ್ಟೇ ಹೇಳಿ ಕಳಿಸುತ್ತಾರೆ. ಲಿಂಫೋಮಾ ಎಂದು ತಿಳಿದರೆ ನೋವು ತಗ್ಗಿಸುವುದರ ಬಗ್ಗೆ, ಯಾವಾಗ ಬಿಟ್ಟುಕೊಡಬೇಕೆಂಬುದರ ಬಗ್ಗೆ ನೇರವಾಗಿ ಮಾತಾಡುತ್ತಾರೆ.

ಕೊಂಡ ಬೆಲೆಗಿಂತ ವೈದ್ಯರ ಶುಲ್ಕವೇ ಹೆಚ್ಚಲ್ಲವೇ, ಇಷ್ಟು ಸಣ್ಣ ಜೀವಕ್ಕೆ ಇಷ್ಟು ಪಾಡು ಏಕೆ ಎಂದು ಕೇಳುವವರಿದ್ದಾರೆ. ಆ ಪ್ರಾಣಿಯ ಆಯುಷ್ಯ ಹೆಚ್ಚುಕಡಿಮೆ ಎರಡು ವರ್ಷ. ಒಂದು ತಿಂಗಳು ತಪ್ಪು ಮುಲಾಮು ಹಚ್ಚುತ್ತ ಕಳೆದರೆ ಅದರ ಬದುಕಿನ ಇಪ್ಪತ್ನಾಲ್ಕರಲ್ಲಿ ಒಂದು ಪಾಲನ್ನು ತುರಿಕೆಯಲ್ಲಿ ಕಳೆದಂತೆ. ಮನುಷ್ಯನ ಲೆಕ್ಕದಲ್ಲಿ ಅದು ಮೂರು ವರ್ಷ. ಮೊದಲ ಭೇಟಿಯಲ್ಲೇ ಅರ್ಧ ಗಂಟೆ ಕೂತು ಒಂದು ಕೂದಲಿನ ಎರಡೂ ತುದಿ ನೋಡುವ ವೈದ್ಯರು ಆ ಲೆಕ್ಕವನ್ನು ಬಲ್ಲವರು.